ಮೂರು ಚಾನೆಲ್, ಒಂದು ಚಿತ್ರ: ಫಿಜಿ ಸಾಫ್ಟ್‌ವೇರ್‌ನಲ್ಲಿ ಜೀವಕೋಶಗಳಿಗೆ ಬಣ್ಣ ಕೊಡುವ ಕೆಲಸ ಎಲ್ಲಿಗೆ ಬಂತು

ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟ್ ಎಲ್ಲರಿಗೂ ಸಿಗುವಂತೆ ಇಟ್ಟಿರುವ ಬಿಬಿಬಿಸಿ021 ಎಂಬ ಸೂಕ್ಷ್ಮದರ್ಶಕ ಚಿತ್ರಗಳ ಸಂಗ್ರಹದಿಂದ ಗೋಡೆಗೆ ಹಾಕುವಂಥ ಪ್ರಿಂಟ್‌ಗಳನ್ನು ಮಾಡುವ ನನ್ನ ಕೆಲಸ ಕೊನೆಗೂ ಒಂದು ಹದಕ್ಕೆ ಬಂದಿದೆ. ಅದರಲ್ಲಿರುವುದು ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳು. 1970ರಲ್ಲಿ ಮಿಶಿಗನ್‌ನಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿಯ ದೇಹದಿಂದ ತೆಗೆದ ಕೋಶಗಳ ಸಂತತಿ ಇದು. ಚಿತ್ರ ತೆರೆದಾಗಲೆಲ್ಲ ಆ ಹೆಣ್ಣುಮಗಳ ನೆನಪಾಗುತ್ತದೆ. ಈ ಕೋಶಗಳಿಗೆ 113 ಬಗೆಯ ರಾಸಾಯನಿಕಗಳನ್ನು ಎಂಟೆಂಟು ಪ್ರಮಾಣದಲ್ಲಿ ಕೊಟ್ಟು, 24 ಗಂಟೆ ಬಿಟ್ಟು ಫೋಟೊ ತೆಗೆದಿದ್ದಾರೆ. ಒಟ್ಟು 39,600 ಫೈಲ್. ಒಂದೊಂದು ಜಾಗಕ್ಕೂ ಮೂರು ಫೈಲ್, ಅಂದರೆ ಮೂರು ಚಾನೆಲ್: ಡಿಎನ್‌ಎ, ಟ್ಯುಬುಲಿನ್ (ಕೋಶದೊಳಗಿನ ಮೈಕ್ರೊಟ್ಯೂಬ್ಯೂಲ್ ಎಂಬ ಸಣ್ಣ ಕೊಳವೆಗಳ ಪ್ರೋಟೀನ್), ಆ್ಯಕ್ಟಿನ್ (ಕೋಶಕ್ಕೆ ಆಕಾರ ಕೊಡುವ ಎಳೆಗಳ ಪ್ರೋಟೀನ್).

ಮೂರೂ ಕಪ್ಪು-ಬಿಳುಪು. ಇಂಥ ಕ್ಯಾಮೆರಾ ಲೆಕ್ಕ ಹಾಕುವುದು ಎಷ್ಟು ಬೆಳಕು ಬಿತ್ತು ಅನ್ನುವುದನ್ನು ಮಾತ್ರ. ಬಣ್ಣ ನಾವು ಕೊಡುವುದು. ಹಾಗಾಗಿ ಯಾವ ಬಣ್ಣ, ಎಷ್ಟು ಹೊಳಪು ಅನ್ನುವ ಹೊಣೆಯೂ ನಮ್ಮದೇ.

ಹೆಚ್ಚು ಹೊತ್ತು ಹಿಡಿದದ್ದು ಹೊಳಪಿನ ವಿಷಯ. 16 ಬಿಟ್ ಚಿತ್ರದಲ್ಲಿ ಬೆಲೆಗಳು 0ಯಿಂದ 65,535ರವರೆಗೆ ಇರಬಹುದು. ನಾನು ಬಳಸುವ ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರ್ ಫಿಜಿ ಅಂಥ ಫೈಲ್ ತೆರೆಯುವಾಗ ಆಯಾ ಚಿತ್ರದ ಕನಿಷ್ಠ-ಗರಿಷ್ಠ ನೋಡಿಕೊಂಡು ಹೊಳಪನ್ನು ಹಿಗ್ಗಿಸಿ ತೋರಿಸುತ್ತದೆ. ಒಂದೇ ಚಿತ್ರ ನೋಡುವಾಗ ಅನುಕೂಲವೇ. ಆದರೆ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧಿ ಹಾಕಿದ್ದನ್ನೂ, ಔಷಧಿ ಕರಗಿಸುವ ದ್ರವವಾದ ಡಿಎಂಎಸ್‌ಒ ಮಾತ್ರ ಹಾಕಿದ್ದನ್ನೂ ಪಕ್ಕಪಕ್ಕ ಇಟ್ಟರೆ ಮಂದವಾದದ್ದೂ ಪ್ರಕಾಶವಾದದ್ದೂ ಒಂದೇ ಥರ ಹೊಳೆಯುತ್ತವೆ, ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಅದಕ್ಕೇ ಬ್ರೈಟ್‌ನೆಸ್/ಕಾಂಟ್ರಾಸ್ಟ್ ಕಿಟಕಿಯಲ್ಲಿ ಸೆಟ್ ಒತ್ತಿ, ಒಂದು ಚಾನೆಲ್‌ಗೆ ಒಂದೇ ಕನಿಷ್ಠ, ಒಂದೇ ಗರಿಷ್ಠ ಅಂತ ನಿಗದಿ ಮಾಡಿ, ಆ ಚಾನೆಲ್‌ನ ಎಲ್ಲ ಚಿತ್ರಗಳಿಗೂ ಅದನ್ನೇ ಹಾಕಿದ್ದೇನೆ. ಅಪ್ಲೈ ಮಾತ್ರ ಒತ್ತಬಾರದು. ಸೆಟ್ ಬದಲಿಸುವುದು ತೋರಿಕೆಯನ್ನು, ಅಪ್ಲೈ ಬದಲಿಸುವುದು ಪಿಕ್ಸೆಲ್‌ಗಳನ್ನೇ.

ಜೋಡಿಸುವುದು ಸುಲಭ. ಮರ್ಜ್ ಚಾನೆಲ್ಸ್‌ನಲ್ಲಿ ಟ್ಯುಬುಲಿನ್‌ಗೆ ಸಿ2, ಅಂದರೆ ಹಸಿರು. ಡಿಎನ್‌ಎಗೆ ಸಿ3, ನೀಲಿ. ಆ್ಯಕ್ಟಿನ್‌ಗೆ ಸಿ6, ಮೆಜೆಂಟಾ. ಕೆಂಪು-ಹಸಿರು ಜೋಡಿಯನ್ನು ಬೇಕೆಂದೇ ಬಿಟ್ಟೆ, ಆ ಎರಡು ಬಣ್ಣ ಬೇರೆಬೇರೆಯಾಗಿ ಕಾಣದವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಕ್ರಿಯೇಟ್ ಕಾಂಪೊಸಿಟ್‌ಗೆ ಟಿಕ್ ಇದ್ದರೆ ಮೂರು ಚಾನೆಲ್‌ಗಳೂ 16 ಬಿಟ್‌ನಲ್ಲೇ ಉಳಿಯುತ್ತವೆ. ಆರ್‌ಜಿಬಿ (ಮೂರೂ ಚಾನೆಲ್ ಬೆರೆತ ಮಾಮೂಲಿ ಬಣ್ಣದ ಚಿತ್ರ) ಮಾಡುವುದು ಪ್ರಿಂಟ್‌ಗೆ ಕೊಡುವ ಪ್ರತಿಗೆ ಮಾತ್ರ.

ಟ್ಯಾಕ್ಸಾಲ್ ಚಿತ್ರ ನೋಡುತ್ತಾ ಎಷ್ಟೋ ಹೊತ್ತು ಕೂತಿದ್ದೆ. ಮಾಮೂಲಿ ಕೋಶದಲ್ಲಿ ನ್ಯೂಕ್ಲಿಯಸ್ಸಿನ ಸುತ್ತಿನಿಂದ ಅಂಚಿನವರೆಗೆ ತೆಳ್ಳಗೆ ಹರಡಿಕೊಂಡಿರುವ ಮೈಕ್ರೊಟ್ಯೂಬ್ಯೂಲ್‌ಗಳು ಇಲ್ಲಿ ಹುಲ್ಲಿನ ಕಂತೆ ಕಟ್ಟಿದ ಹಾಗೆ ಒತ್ತಾಗಿ ಸೇರಿಕೊಂಡಿವೆ. ಹಸಿರು ಚಾನೆಲ್ಲೊಂದನ್ನೇ ಬೂದುಬಣ್ಣದಲ್ಲಿ ನೋಡಿದರೆ ಇದು ಇನ್ನೂ ಸ್ಪಷ್ಟ. ಬಣ್ಣದ ಚಿತ್ರದ ಪಕ್ಕದಲ್ಲಿ ಮೂರು ಬೂದು ಚಿತ್ರಗಳನ್ನೂ ಇಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೀಲಿಯಂತೂ ಕಪ್ಪು ಹಿನ್ನೆಲೆಯಲ್ಲಿ ಕಣ್ಣಿಗೆ ಸರಿಯಾಗಿ ಹತ್ತುವುದೇ ಇಲ್ಲ.

ಉಳಿದಿರುವ ಕೆಲಸ: ಕೆಲವು ಚಿತ್ರಗಳಲ್ಲಿ ಮೂಲೆಗಳು ಮಂಕು. ಒಂದೇ ಪ್ಲೇಟಿನ (ಕೋಶಗಳನ್ನು ಇಡುವ ಗುಳಿಗಳ ತಟ್ಟೆಯ) ಚಿತ್ರಗಳ ಸರಾಸರಿ ತೆಗೆದು, ಮೆದುಮಾಡಿ, ಒಂದೊಂದು ಚಿತ್ರವನ್ನೂ ಅದರಿಂದ ಭಾಗಿಸಬೇಕು. ಆಮೇಲೆ ಮ್ಯಾಕ್ರೊ, ಅಂದರೆ ಈ ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ. ಮೂರು ಚಾನೆಲ್‌ಗಳ ಫೈಲ್ ಹೆಸರಿನ ಬಾಲದಲ್ಲಿ ಬೇರೆಬೇರೆ ಉದ್ದನೆಯ ಸಂಕೇತ ಇರುವುದರಿಂದ ಹೆಸರು ನೋಡಿ ಜೋಡಿಸುವುದಕ್ಕಿಂತ, ಜೊತೆಗೆ ಬರುವ ಸಿಎಸ್‌ವಿ ಪಟ್ಟಿಯ ಒಂದೊಂದು ಸಾಲು ಓದಿ ಮೂರನ್ನೂ ತೆರೆಯುವುದು ವಾಸಿ. ಅದು ಆದಮೇಲೆ ಎಝಡ್138 ಕೊಟ್ಟ ಕೋಶಗಳು. ಈ ವಸ್ತು ಇಜಿ5 ಪ್ರೋಟೀನನ್ನು ತಡೆಯುತ್ತದೆ, ವಿಭಜನೆಗೆ ಹೊರಟ ಕೋಶದ ಎರಡು ಧ್ರುವಗಳು ಬೇರೆಯಾಗುವುದಿಲ್ಲ. ನಡುವೆ ಹಸಿರು, ಸುತ್ತ ಕ್ರೋಮೋಸೋಮುಗಳ ನೀಲಿ ಉಂಗುರ ಬರಬೇಕು. ಮುಂದಿನ ಪ್ರಿಂಟ್ ಅದೇ.