ಓಸ್ಲೋದ ನೊಬೆಲ್ ಶಾಂತಿ ಕೇಂದ್ರ: ಅರ್ಧ ದಿನ ಎತ್ತಿಟ್ಟುಕೊಂಡು ಹೋಗಿ

ಓಸ್ಲೋಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲನೆಯದು ಆಫೀಸಿನ ಕೆಲಸಕ್ಕೆ. ಆಗ ಬಾಗಿಲು ಮುಚ್ಚುವುದಕ್ಕೆ ಮುಕ್ಕಾಲು ಗಂಟೆ ಇರುವಾಗ ನೊಬೆಲ್ ಶಾಂತಿ ಬಹುಮಾನದ ಮ್ಯೂಸಿಯಂ ಆದ ನೊಬೆಲ್ ಶಾಂತಿ ಕೇಂದ್ರಕ್ಕೆ ಹೋಗಿ, ನಾಲ್ಕು ಫೋಟೋ ತೆಗೆದುಕೊಂಡು ಬಂದೆ. ಮನಸ್ಸಿನಲ್ಲಿ ಏನೂ ಉಳಿಯಲಿಲ್ಲ. ಎರಡನೇ ಸಲ, ಹೋದ ಜೂನ್‌ನಲ್ಲಿ, ಅಪ್ಪನನ್ನು ಕರೆದುಕೊಂಡು ಹೋದೆ. ಅಪ್ಪ ನಿವೃತ್ತ ಮೇಷ್ಟ್ರು, ವಯಸ್ಸು 71. ನಮ್ಮೂರು ಕುಶಾಲನಗರದ ಹತ್ತಿರ. ಈ ಸಲ ಒಳಗೆ ಮೂರೂವರೆ ಗಂಟೆ ಇದ್ದೆವು. ನಾರ್ವೆಗೆ ಹೋಗುವವರು ಸಾಮಾನ್ಯವಾಗಿ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕಿರುದಾರಿ) ನೋಡುವ ಆತುರದಲ್ಲಿ ಓಸ್ಲೋಗೆ ಒಂದೇ ದಿನ ಇಡುತ್ತಾರೆ. ಆ ಒಂದು ದಿನದಲ್ಲಿ ಅರ್ಧವನ್ನಾದರೂ ಈ ಜಾಗಕ್ಕೆ ಕೊಡಿ ಅಂತ ನನ್ನ ಮನವಿ.

ಮೊದಲು ದಾರಿ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ಎಲ್ಲಾದರೂ ಇಳಿದು ಹತ್ತಬೇಕು. ಷೆಂಗೆನ್ ವೀಸಾ ಬೇಕು. ಬೇಸಿಗೆಗೆ ಹೋಗುವುದಾದರೆ ಅಪಾಯಿಂಟ್‌ಮೆಂಟ್ ತುಂಬಾ ಮುಂಚೆಯೇ ಹಿಡಿಯಿರಿ. ಓಸ್ಲೋ ವಿಮಾನ ನಿಲ್ದಾಣದಿಂದ ಊರಿಗೆ ಫ್ಲೈಟೋಗೆಟ್ ಅನ್ನುವ ಎಕ್ಸ್‌ಪ್ರೆಸ್ ರೈಲಿದೆ. ಎಲ್ಲರೂ ಅದನ್ನೇ ತೋರಿಸುತ್ತಾರೆ. ಆದರೆ ವೀ ಕಂಪನಿಯ ಮಾಮೂಲಿ ರೈಲು ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ತಲುಪಿಸುತ್ತದೆ, ಟಿಕೆಟ್ ಮಾತ್ರ ತುಂಬಾ ಕಡಿಮೆ. ನಾವು ಅದರಲ್ಲೇ ಹೋದೆವು. ದೊಡ್ಡ ಪೆಟ್ಟಿಗೆ ಇದ್ದರೆ ಓಸ್ಲೋ ಸೆಂಟ್ರಲ್‌ನಲ್ಲಿ ಇಳಿದು ಲಾಕರ್‌ನಲ್ಲಿ ಇಡಿ. ಇಲ್ಲದಿದ್ದರೆ ಮುಂದಿನ ನಿಲ್ದಾಣ ನ್ಯಾಷನಲ್‌ಥಿಯೇಟ್ರೆಟ್‌ನಲ್ಲಿ ಇಳಿಯಿರಿ. ಅಲ್ಲಿಂದ ಸಮುದ್ರದ ಕಡೆಗೆ ಐದಾರು ನಿಮಿಷ ನಡೆದರೆ ಸಾಕು.

ಕೇಂದ್ರ ಇರುವುದು ಬಂದರಿನ ಎದುರಿನ ಹಳೇ ರೈಲ್ವೆ ನಿಲ್ದಾಣದಲ್ಲಿ. 1872ರ ಕಟ್ಟಡ ಅದು. ರೈಲು ನಿಂತುಹೋದ ಮೇಲೆ ಅದನ್ನು ಹೊಸದಾಗಿ ಸಜ್ಜುಗೊಳಿಸಿ 2005ರಲ್ಲಿ ಶಾಂತಿ ಕೇಂದ್ರವಾಗಿ ತೆರೆದರು. ತೆರೆಯುವ ಸಮಯ ಬೇಸಿಗೆ, ಚಳಿಗಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಹೊರಡುವ ಹಿಂದಿನ ದಿನ ವೆಬ್‌ಸೈಟ್ ನೋಡಿಕೊಳ್ಳಿ. ಬೇರೆ ಮ್ಯೂಸಿಯಂಗಳನ್ನೂ ನೋಡುವ ಯೋಚನೆ ಇದ್ದರೆ ಓಸ್ಲೋ ಪಾಸ್ ತೆಗೆದುಕೊಳ್ಳಿ. 24, 48, 72 ಗಂಟೆಗಳ ಪಾಸ್ ಸಿಗುತ್ತದೆ. ಈ ಕೇಂದ್ರದ ಪ್ರವೇಶವೂ ಊರಿನ ಬಸ್, ಟ್ರ್ಯಾಮ್ ಓಡಾಟವೂ ಅದರಲ್ಲೇ ಸೇರುತ್ತದೆ. ನಗದು ಬೇಡ, ಎಲ್ಲ ಕಡೆ ಕಾರ್ಡ್ ನಡೆಯುತ್ತದೆ.

ಒಳಗೆ ಹೋಗುವ ಮುಂಚೆ ಒಂದಿಷ್ಟು ಓದಿಕೊಂಡಿರುವುದು ಒಳ್ಳೆಯದು. ನೊಬೆಲ್ ಬಹುಮಾನಗಳಲ್ಲಿ ಉಳಿದವನ್ನು ಸ್ವೀಡನ್‌ನಲ್ಲಿ ಕೊಡುತ್ತಾರೆ, ಶಾಂತಿಯದ್ದನ್ನು ಮಾತ್ರ ನಾರ್ವೆಯಲ್ಲಿ. ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್ 1895ರಲ್ಲಿ ಬರೆದ ಉಯಿಲಿನಲ್ಲೇ ಹಾಗೆ ಹೇಳಿದ್ದರು. ಆಗ ಎರಡೂ ದೇಶಕ್ಕೆ ಒಬ್ಬನೇ ರಾಜ. ನಾರ್ವೆ ಬೇರೆಯಾಗಿದ್ದು 1905ರಲ್ಲಿ. ಬಹುಮಾನ ಯಾರಿಗೆ ಅಂತ ತೀರ್ಮಾನ ಮಾಡುವುದು ನಾರ್ವೆಯ ಪಾರ್ಲಿಮೆಂಟ್ ನೇಮಿಸಿದ ಐದು ಜನರ ಸಮಿತಿ.

ಒಳಗೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೆಳಕಿನ ತೋಟ. ಕತ್ತಲೆ ಕೋಣೆ. ಅದರ ತುಂಬ ಸಾವಿರದಷ್ಟು ಪುಟ್ಟ ದೀಪಗಳು, ಹುಲ್ಲುಗಾವಲಿನಲ್ಲಿ ಮಿಣುಕುಹುಳ ಕೂತ ಹಾಗೆ. ನಡುನಡುವೆ ತೆಳ್ಳನೆಯ ಕಂಬಗಳ ಮೇಲೆ ಸಣ್ಣ ಪರದೆಗಳು. ಒಂದೊಂದರಲ್ಲೂ ಶಾಂತಿ ಬಹುಮಾನ ಪಡೆದವರ ಮುಖ. 1901ರಲ್ಲಿ ಮೊದಲ ಬಹುಮಾನ ಹಂಚಿಕೊಂಡ ರೆಡ್ ಕ್ರಾಸ್‌ನ ಹೆನ್ರಿ ಡ್ಯುನಾಂಟ್, ಫ್ರಾನ್ಸ್‌ನ ಫ್ರೆಡೆರಿಕ್ ಪಾಸಿ ಇಬ್ಬರಿಂದ ಶುರು. ಎಲ್ಲರನ್ನೂ ಓದುತ್ತೇನೆ ಅಂತ ಹೊರಟರೆ ಆಗುವುದಿಲ್ಲ. ಮನೆಯಲ್ಲೇ ನಾಲ್ಕೈದು ಹೆಸರು ಆರಿಸಿಕೊಳ್ಳಿ, ಅವರ ಮುಂದೆ ನಿಧಾನವಾಗಿ ನಿಲ್ಲಿ. ಇದೇ ನನ್ನ ಮುಖ್ಯ ಸಲಹೆ. ಬರಹವೆಲ್ಲ ನಾರ್ವೇಜಿಯನ್ ಮತ್ತು ಇಂಗ್ಲಿಷ್‌ನಲ್ಲಿದೆ. ಹಿರಿಯರು ಜೊತೆಗಿದ್ದರೆ ಕನ್ನಡದಲ್ಲಿ ಓದಿ ಹೇಳಿ. ನಾನು ಹಾಗೇ ಮಾಡಿದೆ. ಒಬ್ಬಳೇ ಓದಿಕೊಂಡಿದ್ದರೆ ಇಷ್ಟು ಮನಸ್ಸಿಗೆ ಹೋಗುತ್ತಿರಲಿಲ್ಲ.

ನಾವು ಆರಿಸಿಕೊಂಡವರಲ್ಲಿ ಕೀನ್ಯಾದ ವಂಗಾರಿ ಮಾಥಾಯ್ ಒಬ್ಬರು. 1977ರಲ್ಲಿ ಹೆಂಗಸರನ್ನು ಕೂಡಿಸಿಕೊಂಡು ಗಿಡ ನೆಡುವ ಚಳವಳಿ ಶುರು ಮಾಡಿದವರು. 2004ರಲ್ಲಿ ಅವರಿಗೆ ಬಹುಮಾನ ಬಂತು. ಗಿಡ ನೆಡುವುದಕ್ಕೂ ಶಾಂತಿಗೂ ಏನು ಸಂಬಂಧ ಅಂತ ನನಗೂ ಒಂದು ಕಾಲದಲ್ಲಿ ಅನಿಸಿತ್ತು. ಅಪ್ಪನಿಗೆ ಆ ಅನುಮಾನವೇ ಬರಲಿಲ್ಲ. "ನೀರು, ಸೌದೆ ಇಲ್ಲದ ಕಡೆ ಜಗಳ ಇಲ್ಲದೆ ಇನ್ನೇನಿರುತ್ತೆ? ನಮ್ಮ ತಿಮ್ಮಕ್ಕ ಮಾಡಿದ್ದೂ ಇದೇ ಅಲ್ವಾ" ಅಂದರು. ಮಕ್ಕಳ ದುಡಿಮೆಯ ವಿರುದ್ಧ ಹೋರಾಡಿದ ಕೈಲಾಶ್ ಸತ್ಯಾರ್ಥಿ ಅವರ ಮುಂದೆಯೂ ಅಪ್ಪ ತುಂಬಾ ಹೊತ್ತು ನಿಂತರು. 2014ರಲ್ಲಿ 17 ವರ್ಷದ ಮಲಾಲಾ ಜೊತೆ ಬಹುಮಾನ ಹಂಚಿಕೊಂಡವರು ಅವರು. ಬೀಡಿ ಕಟ್ಟಲು, ದನ ಕಾಯಲು ಶಾಲೆ ಬಿಟ್ಟುಹೋದ ತನ್ನ ಹುಡುಗರ ಹೆಸರುಗಳನ್ನು ಅಪ್ಪ ಅಲ್ಲೇ ಒಂದೊಂದಾಗಿ ಹೇಳಿದರು. ಅಷ್ಟೂ ಹೆಸರು ಅವರಿಗೆ ನೆನಪಿತ್ತು.

ಆಮೇಲೆ ಗಾಂಧೀಜಿ. ಅವರಿಗೆ ಬಹುಮಾನ ಕೊಡಲಿಲ್ಲ ಅಂತ ಅಪ್ಪನಿಗೆ ಚೆನ್ನಾಗಿ ಗೊತ್ತು. ಆದರೂ ಕಣ್ಣು ಹುಡುಕುತ್ತಿತ್ತು. ಗಾಂಧೀಜಿಯ ಹೆಸರು 1937, 1938, 1939, 1947ರಲ್ಲಿ ಸೂಚನೆಗೆ ಬಂದಿತ್ತು. 1948ರ ಜನವರಿಯಲ್ಲಿ, ಅವರ ಕೊಲೆಗೆ ಕೆಲವೇ ದಿನ ಮುಂಚೆ, ಮತ್ತೆ ಬಂತು. ಆ ವರ್ಷ ಬದುಕಿರುವವರಲ್ಲಿ ತಕ್ಕವರು ಯಾರೂ ಇಲ್ಲ ಅಂತ ಹೇಳಿ ಸಮಿತಿ ಯಾರಿಗೂ ಬಹುಮಾನ ಕೊಡಲಿಲ್ಲ. ಇದನ್ನು ಓದಿಕೊಂಡು ಹೋಗಿ. ಇಲ್ಲದಿದ್ದರೆ ಅಷ್ಟೊಂದು ದೀಪಗಳ ನಡುವೆ ನಮ್ಮ ಗಾಂಧಿ ಏಕಿಲ್ಲ ಅಂತ ಸುಮ್ನೆ ಬೇಜಾರು ಮಾಡಿಕೊಂಡು ಬರುತ್ತೀರಿ.

ಅಲ್ಲಿಂದ ನಾವು ದಲೈ ಲಾಮಾ ಅವರನ್ನು ಹುಡುಕಿದೆವು. 1989ರ ಬಹುಮಾನ. ಅದನ್ನು ಕೊಡುವಾಗ ಸಮಿತಿಯ ಅಧ್ಯಕ್ಷರು, ಇದು ಒಂದು ಮಟ್ಟಿಗೆ ಮಹಾತ್ಮ ಗಾಂಧಿಯ ನೆನಪಿಗೆ ಸಲ್ಲಿಸುವ ಗೌರವವೂ ಹೌದು ಅಂದಿದ್ದರು. ನಾನು ಅದನ್ನು ಹೇಳಿದಾಗ ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಅವರಿಗೆ ದಲೈ ಲಾಮಾ ಅಂದರೆ ಪುಸ್ತಕದ ಹೆಸರಲ್ಲ. 1960ರ ದಶಕದ ಶುರುವಿನಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು ಕಾಡು ಕಡಿದು ನೆಲೆ ನಿಂತಾಗ ಅಪ್ಪ ಚಿಕ್ಕ ಹುಡುಗ. ಆಮೇಲೆ ಅವರ ಮುಸುಕಿನ ಜೋಳದ ಹೊಲ, ರತ್ನಗಂಬಳಿ ನೇಯುವ ಶೆಡ್, ಚಳಿಗಾಲದ ಸ್ವೆಟರ್ ಅಂಗಡಿ ಎಲ್ಲವನ್ನೂ ನೋಡಿಕೊಂಡೇ ಬೆಳೆದವರು. "ಊರು ಕಳಕೊಂಡು ಬಂದವರು ಕಣಮ್ಮಾ. ಒಂದು ದಿನವೂ ಕೈ ಎತ್ತಿದ್ದು ನಾನು ನೋಡಿಲ್ಲ" ಅಂದರು. ಇಷ್ಟು ದೂರ ಬಂದು ಪಕ್ಕದ ಊರಿನ ಮಾತು ಆಡುತ್ತಿದ್ದೆವು.

ಪದಕದ ಕೋಣೆಯನ್ನು ತಪ್ಪಿಸಬೇಡಿ. ಅಲ್ಲಿರುವುದು ನಾರ್ವೆಯ ಕ್ರಿಶ್ಚಿಯನ್ ಲಾಂಗೆ ಅವರಿಗೆ 1921ರಲ್ಲಿ ಬಂದ ನಿಜವಾದ ಚಿನ್ನದ ಪದಕ. ಹಿಂಬದಿಯಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡ ಮೂವರು ಗಂಡಸರು. ಈ ಚಿತ್ರ ಮಾಡಿದ ಶಿಲ್ಪಿ ಗುಸ್ತಾವ್ ವಿಗೆಲಾಂಡ್. ಅವರ 200ಕ್ಕೂ ಹೆಚ್ಚು ಶಿಲ್ಪಗಳ ಪಾರ್ಕ್ ಇದೇ ಊರಿನಲ್ಲಿದೆ, ಪ್ರವೇಶ ಉಚಿತ. ಕೇಂದ್ರದ ಹತ್ತಿರದಿಂದ 12ನೇ ನಂಬರ್ ಟ್ರ್ಯಾಮ್ ಹೋಗುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತೂವರೆವರೆಗೂ ಬೆಳಕಿರುತ್ತದೆ, ಊಟ ಮುಗಿಸಿಕೊಂಡೇ ಹೋಗಬಹುದು.

ಕೇಂದ್ರದಿಂದ ಹೊರಬಂದರೆ ಎದುರಿಗೇ ಕೆಂಪು ಇಟ್ಟಿಗೆಯ ಸಿಟಿ ಹಾಲ್, ಎರಡು ದೊಡ್ಡ ಗೋಪುರದ್ದು. ಪ್ರವೇಶಕ್ಕೆ ದುಡ್ಡಿಲ್ಲ. 1990ರಿಂದ ಪ್ರತಿ ಡಿಸೆಂಬರ್ 10ರಂದು ಶಾಂತಿ ಬಹುಮಾನ ಕೊಡುವುದು ಇಲ್ಲಿಯ ದೊಡ್ಡ ಹಾಲ್‌ನಲ್ಲಿ. ಅದು ನೊಬೆಲ್ ತೀರಿಕೊಂಡ ದಿನ. ಬೇರೆ ಕಾರ್ಯಕ್ರಮ ಇದ್ದರೆ ಹಾಲ್ ಮುಚ್ಚಿರುತ್ತದೆ, ಹಾಗಾಗಿ ಬೆಳಿಗ್ಗೆಯೇ ಕೇಳಿಕೊಳ್ಳಿ. 2010ರಲ್ಲಿ ಚೀನಾದ ಲಿಯು ಷಿಯಾಬೊ ಜೈಲಿನಲ್ಲಿದ್ದರು. ಅವರ ಪದಕವನ್ನು ಖಾಲಿ ಕುರ್ಚಿಯ ಮೇಲೆ ಇಟ್ಟಿದ್ದು ಇದೇ ಹಾಲ್‌ನಲ್ಲಿ. 2023ರಲ್ಲಿ ಇರಾನಿನ ನರ್ಗೆಸ್ ಮೊಹಮ್ಮದಿ ಜೈಲಿನಲ್ಲಿದ್ದಾಗ ಅವರ ಇಬ್ಬರು ಮಕ್ಕಳು ಬಂದು ಬಹುಮಾನ ತೆಗೆದುಕೊಂಡರು. ಶಾಂತಿ ಅಂದರೆ ಸುಮ್ಮನಿರುವುದು ಅನ್ನುವ ಭಾವನೆ ಇದ್ದವರು ಈ ಹಾಲ್‌ನಲ್ಲಿ ಹತ್ತು ನಿಮಿಷ ಕೂರಬೇಕು. ಶಾಂತಿ ಕೇಂದ್ರ ನೋಡಿದ ಮೇಲೆಯೇ ಇಲ್ಲಿಗೆ ಬನ್ನಿ. ಮೊದಲೇ ಬಂದರೆ ಗೋಡೆಯ ಚಿತ್ರಗಳಷ್ಟೇ ಕಾಣುತ್ತವೆ.

ಇವೆರಡರ ನಡುವೆ ಬಾಗಿದ ಒಂದು ಲೋಹದ ಬೆಂಚಿದೆ. ಎರಡು ತುದಿಗಳಲ್ಲಿ ಕೂತವರು ತಾವಾಗಿಯೇ ನಡುವಿಗೆ ಜಾರುತ್ತಾರೆ. ಕೂತು ಮಾತಾಡುವುದೇ ಎಲ್ಲಕ್ಕಿಂತ ಒಳ್ಳೆಯ ಆಯುಧ ಅನ್ನುವ ಮಂಡೇಲಾ ಮಾತಿನಿಂದ ಹುಟ್ಟಿದ ಬೆಂಚು. ನಮ್ಮ ಮಧ್ಯಾಹ್ನದ ಊಟ ಅದರ ಹತ್ತಿರವೇ ಆಯಿತು: ಊರಿಂದ ತಂದ ಚಟ್ನಿಪುಡಿ, ಸೂಪರ್‌ಮಾರ್ಕೆಟ್ಟಿನ ಬ್ರೆಡ್ಡು, ಮೊಸರು. ಹೋಟೆಲ್ ಊಟ ಓಸ್ಲೋದಲ್ಲಿ ಬಹಳ ದುಬಾರಿ. ನೀರು ಕೊಳ್ಳಬೇಡಿ, ನಲ್ಲಿ ನೀರೇ ಕುಡಿಯಬಹುದು. ಬಂದರಿನ ಗಾಳಿ ಜೂನ್‌ನಲ್ಲೂ ಜಾಸ್ತಿ, ವಯಸ್ಸಾದವರಿಗೆ ಜಾಕೆಟ್, ಟೋಪಿ ಇರಲಿ.

ಯಾವ ತಿಂಗಳು ಹೋಗಬೇಕು ಅಂತ ಕೇಳುವವರಿಗೆ ಒಂದು ವಿಷಯ. ಪ್ರತಿ ವರ್ಷ ಡಿಸೆಂಬರ್‌ನಲ್ಲಿ ಆ ವರ್ಷದ ವಿಜೇತರ ಬಗ್ಗೆ ಹೊಸ ಪ್ರದರ್ಶನ ಶುರುವಾಗುತ್ತದೆ. ಚಳಿ, ಕತ್ತಲೆ ತಡೆದುಕೊಳ್ಳಬಲ್ಲವರಿಗೆ ಆ ಸಮಯ ಚೆನ್ನ. ಅಪ್ಪ ಅಮ್ಮನ ಜೊತೆ ಹೋಗುವುದಾದರೆ ಮೇ ಕೊನೆಯಿಂದ ಆಗಸ್ಟ್.

ಕೇಂದ್ರದ ಅಂಗಡಿಯಲ್ಲಿ ಅಪ್ಪ ಒಂದು ಪೋಸ್ಟ್‌ಕಾರ್ಡ್ ಕೊಂಡರು. ಬೈಲಕುಪ್ಪೆಯ ತಮ್ಮ ಹಳೇ ಸ್ವೆಟರ್ ಅಂಗಡಿ ಗೆಳೆಯರಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದರು. ಅವರು ಕನ್ನಡ ಚೆನ್ನಾಗಿ ಓದುತ್ತಾರೆ. ವಿಳಾಸವನ್ನು ಮಾತ್ರ ನಾನು ಇಂಗ್ಲಿಷ್‌ನಲ್ಲಿ ಬರೆದು ಕೆಂಪು ಅಂಚೆ ಡಬ್ಬಿಗೆ ಹಾಕಿದೆ. ನಾವು ಊರಿಗೆ ಬಂದು ಹತ್ತು ದಿನದ ಮೇಲೆ ಅದು ತಲುಪಿತು.