ನೆಟ್ಸ್ ಹಿಂದಿನ ಕುರ್ಚಿಗಳು

ಬೆಂಗಳೂರಿನ ಯಾವ ಕ್ರಿಕೆಟ್ ಅಕಾಡೆಮಿಗೆ ಭಾನುವಾರ ಬೆಳಿಗ್ಗೆ ಹೋದರೂ ನೆಟ್ಸ್ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳ ಒಂದು ಸಾಲು ಕಾಣಿಸುತ್ತದೆ. ಅದು ತಂದೆತಾಯಿಯರ ಜಾಗ. ಮಗನ ದೆಸೆಯಿಂದ ಅಲ್ಲಿ ನನಗೂ ಒಂದು ಕುರ್ಚಿಯಿದೆ. ಅಲ್ಲಿ ಕೂತವರಿಗೆ ಮೊದಲು ಕಣ್ಣಿಗೆ ಬೀಳುವುದು ಮಕ್ಕಳು ಯಾರ ಮುಖ ನೋಡುತ್ತಾರೆ ಎನ್ನುವುದು. ಚೆಂಡು ಬ್ಯಾಟಿಗೆ ತಗುಲದೆ ಹಿಂದೆ ಹೋದ ಕೂಡಲೇ ಹತ್ತು ವರ್ಷದ ಹುಡುಗ ಬಲೆಯ ಆಚೆ ನಿಂತಿರುವ ಅಪ್ಪನ ಕಡೆ ತಿರುಗುತ್ತಾನೆ; ಅಪ್ಪ ‘ಎಲ್ಬೋ, ಎಲ್ಬೋ’ ಎನ್ನುತ್ತಾ ತಮ್ಮ ಮೊಣಕೈ ಎತ್ತಿ ತೋರಿಸುತ್ತಾರೆ. ಕೋಚ್ ಅಷ್ಟು ಹೊತ್ತೂ ಹೇಳಿಕೊಡುತ್ತಿದ್ದದ್ದು ಮುಂಗಾಲು ಇಡುವ ಬಗೆಯನ್ನು. ಮುಂದಿನ ಚೆಂಡಿಗೆ ಕಾಲೂ ಮುಂದೆ ಬರುವುದಿಲ್ಲ, ಮೊಣಕೈಯೂ ಏಳುವುದಿಲ್ಲ.

ಆಟದ ಖುಷಿ ಕೆಡುವುದು ಹೆಚ್ಚಾಗಿ ಮೈದಾನದಲ್ಲಿ ಎಂದು ನಾವು ಭಾವಿಸುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದು ಕೆಡುವುದು ಮನೆಗೆ ಮರಳುವ ದಾರಿಯಲ್ಲಿ. ಕಾರಿನ ಬಾಗಿಲು ಮುಚ್ಚಿದೊಡನೆ ‘ಆ ಬಾಲ್ ಬಿಡಬಾರದಿತ್ತೇನೋ?’ ಎಂಬ ವಿಚಾರಣೆ ಶುರುವಾಗುತ್ತದೆ. ಸೋತ ಹುಡುಗನಿಗೆ ತಾನು ಸೋತದ್ದು ಗೊತ್ತಿರುತ್ತದೆ, ಎಲ್ಲಿ ಎಡವಿದೆ ಎಂಬುದೂ ಬಹುಮಟ್ಟಿಗೆ ಗೊತ್ತಿರುತ್ತದೆ, ಆದರೆ ಆ ಹೊತ್ತಿಗೆ ಅವನಿಗೆ ಬೇಕಾಗಿರುವುದು ಮಸಾಲೆದೋಸೆ. ಆಟದ ಮಾತನ್ನು ಅವನಾಗಿಯೇ ಎತ್ತುವವರೆಗೆ ನಾವು ಎತ್ತದಿದ್ದರೆ ಆಟಕ್ಕೇನೂ ನಷ್ಟವಾಗುವುದಿಲ್ಲ.

ಇನ್ನು ಅಂಕಿಗಳ ವಿಷಯ. ಒಂಬತ್ತು ವರ್ಷದ ಮಕ್ಕಳ ಪಂದ್ಯಕ್ಕೂ ಈಗ ಫೋನಿನಲ್ಲಿ ಚೆಂಡು ಚೆಂಡಿನ ಸ್ಕೋರು ದಾಖಲಾಗುತ್ತದೆ; ಸರಾಸರಿ, ಸ್ಟ್ರೈಕ್ ರೇಟ್ ಎಲ್ಲವೂ ಸಂಜೆಯೊಳಗೆ ಬಂಧುಗಳ ವಾಟ್ಸ್ಆ್ಯಪ್ ಗುಂಪು ಸೇರುತ್ತವೆ. ಬೆಂಗಳೂರಿನ ಅರ್ಧದಷ್ಟೂ ಜನಸಂಖ್ಯೆಯಿಲ್ಲದ ನಾರ್ವೆ ದೇಶ ಈ ವಿಚಾರದಲ್ಲಿ ಬೇರೆಯೇ ದಾರಿ ಹಿಡಿದಿದೆ. ಮಕ್ಕಳ ಕ್ರೀಡೆಗೆಂದು 1987ರಿಂದಲೇ ನಿಯಮಾವಳಿ ಇರುವ ಆ ದೇಶದಲ್ಲಿ, ಮಗುವಿಗೆ 11 ತುಂಬುವ ವರ್ಷದವರೆಗೆ ಫಲಿತಾಂಶ ಪಟ್ಟಿ, ಅಂಕಪಟ್ಟಿ, ರ್‍ಯಾಂಕಿಂಗ್ ಯಾವುದನ್ನೂ ಬಳಸುವಂತಿಲ್ಲ; 13ರವರೆಗೆ ರಾಷ್ಟ್ರಮಟ್ಟದ ಚಾಂಪಿಯನ್‌ಷಿಪ್ ಇಲ್ಲ; ಯಾವ ಆಟ ಆಡಬೇಕು, ಎಷ್ಟು ಅಭ್ಯಾಸ ಮಾಡಬೇಕು ಎಂಬುದರಲ್ಲಿ ಮಗುವಿನ ಮಾತಿಗೆ ಹಕ್ಕಿನ ಸ್ಥಾನವಿದೆ. ಇಷ್ಟೆಲ್ಲ ಸಡಿಲಬಿಟ್ಟ ಅದೇ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಪದಕಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ನಮ್ಮಲ್ಲಿ ಅಂಥ ನಿಯಮ ಬರುವವರೆಗೆ ಕಾಯಬೇಕಿಲ್ಲ, ಸ್ಕೋರನ್ನು ಅಜ್ಜಿ-ತಾತನಿಗೆ ಕಳಿಸದಿರುವುದು ನಮ್ಮ ಕೈಯಲ್ಲೇ ಇದೆ.

ಆಯ್ಕೆ ಟ್ರಯಲ್ಸ್ ಬಂದಾಗ ತಂದೆತಾಯಿಯರಿಗೆ ಒಂದು ಲೆಕ್ಕ ನೆನಪಿರಬೇಕು. ನಮ್ಮ ಕ್ರಿಕೆಟ್‌ನಲ್ಲಿ ವಯೋಮಿತಿಯನ್ನು ಸೆಪ್ಟೆಂಬರ್ 1ಕ್ಕೆ ಎಣಿಸುತ್ತಾರೆ. ಹಾಗಾಗಿ ಒಂದು ಸೆಪ್ಟೆಂಬರ್‌ನಲ್ಲಿ ಹುಟ್ಟಿದವನೂ ಮುಂದಿನ ಆಗಸ್ಟ್‌ನಲ್ಲಿ ಹುಟ್ಟಿದವನೂ 14ರೊಳಗಿನವರ ಆಯ್ಕೆಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಮೀಸೆ ಮೂಡುವ ಆ ಪ್ರಾಯದಲ್ಲಿ ಹನ್ನೊಂದು ತಿಂಗಳೆಂದರೆ ಎತ್ತರದಲ್ಲೂ ತೋಳಿನ ಬಲದಲ್ಲೂ ಎದ್ದು ಕಾಣುವ ಅಂತರ. ಆಯ್ಕೆಯಾಗದ ಆಗಸ್ಟ್ ಹುಡುಗನಿಗೆ ಪ್ರತಿಭೆಯಿಲ್ಲ ಎಂದು ಮನೆಯವರೇ ತೀರ್ಮಾನಿಸುವುದು ದುಡುಕು, ಮತ್ತು ಆ ತೀರ್ಮಾನವನ್ನು ಅವನು ಮನೆಯವರ ಮುಖ ನೋಡಿಯೇ ಓದಿಕೊಳ್ಳುತ್ತಾನೆ.

ಬಿಡುವಿನ ಮಾತೂ ಇದೆ. ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಒಟ್ಟು ಎರಡು ಮೂರು ತಿಂಗಳು, ಮಗು ಆಡುವ ಮುಖ್ಯ ಆಟಕ್ಕೆ ವಿರಾಮ ಇರಲಿ ಎನ್ನುತ್ತದೆ. ಮೂಳೆ ಬೆಳೆಯುತ್ತಿರುವಾಗ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದರೆ ಮಂಡಿ, ಮೊಣಕೈ, ಬೆನ್ನು ನೋಯುತ್ತವೆ. ನಮ್ಮ ಬೇಸಿಗೆ ರಜೆಯೋ ಸಮ್ಮರ್ ಕ್ಯಾಂಪುಗಳಲ್ಲೇ ಮುಗಿದುಹೋಗುತ್ತದೆ. ಊರಿಗೆ ಹೋಗಿ ಲಗೋರಿ ಆಡುವುದು, ಈಜುವುದು, ಮರ ಹತ್ತುವುದು ಕ್ರಿಕೆಟ್‌ಗೆ ಕೊಟ್ಟ ವಿರಾಮವೂ ಹೌದು, ವ್ಯಾಯಾಮವೂ ಹೌದು.

ಇಷ್ಟೆಲ್ಲ ಹುರುಪಿನಿಂದ ದೂಡಿದ ತಂದೆತಾಯಿಯರೇ ಎಸ್ಸೆಸ್ಸೆಲ್ಸಿ ಬಂತೆಂದರೆ ಮಗುವಿನ ಕಿಟ್ ಬ್ಯಾಗನ್ನು ಅಟ್ಟಕ್ಕೇರಿಸುತ್ತಾರೆ. ಒಂಬತ್ತನೇ ವಯಸ್ಸಿನಲ್ಲಿ ವಾರಕ್ಕೆ ಆರು ದಿನ ಕಡ್ಡಾಯವಾಗಿದ್ದ ಆಟ ಹದಿನೈದಕ್ಕೆ ಪೂರ್ತಿ ನಿಷಿದ್ಧವಾಗುವ ಈ ತರ್ಕ ನನಗೆ ಅರ್ಥವಾಗಿಲ್ಲ. 1990ರಲ್ಲಿ ಭಾರತದ ಪರ ಮೊದಲ ಟೆಸ್ಟ್ ಆಡಿದಾಗ ಅನಿಲ್ ಕುಂಬ್ಳೆ ಇನ್ನೂ ಎಂಜಿನಿಯರಿಂಗ್ ವಿದ್ಯಾರ್ಥಿ. ಎಲ್ಲರೂ ಕುಂಬ್ಳೆ ಆಗುವುದಿಲ್ಲ, ಸರಿ. ಆದರೆ ಹತ್ತನೇ ತರಗತಿಯ ಹುಡುಗಿಗೆ ವಾರಕ್ಕೆ ಎರಡು ಸಂಜೆ ಶಟಲ್ ಆಡಲು ಬಿಟ್ಟರೆ ಗಣಿತದ ಅಂಕಗಳೇನೂ ಕರಗುವುದಿಲ್ಲ. ಆ ಒಂದು ವರ್ಷದ ಮಟ್ಟಿಗೆ ದಿನಗಳನ್ನು ಕಡಿಮೆ ಮಾಡಿ ಎಂದು ಕೋಚ್ ಹತ್ತಿರ ಮಾತಾಡಬಹುದು, ಫೀಸನ್ನೂ ಅದಕ್ಕೆ ತಕ್ಕಂತೆ ಇಳಿಸಿ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.