ಬಾಂದು ಕಲ್ಲು ಜರುಗಿದಾಗ

ಹೋದ ವಾರ ಮದ್ದೂರಿನ ಹತ್ತಿರ ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸುವ ಕೆಲಸಕ್ಕೆ ಹೋಗಿದ್ದೆ. ಅಣ್ಣತಮ್ಮಂದಿರ ಕಬ್ಬಿನ ಗದ್ದೆ. ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಅಳೆಯುವ ರೋವರ್ ಇಟ್ಟು ನೋಡಿದರೆ, ಗಡಿ ಗುರುತಿನ ಬಾಂದು ಕಲ್ಲು ನಕ್ಷೆಯ ಜಾಗಕ್ಕಿಂತ ಎರಡು ಅಡಿ ಆಚೆ ಇತ್ತು. "ಕಲ್ಲು ಇದ್ದಲ್ಲೇ ಅದೆ ಕಣಪ್ಪ, ಭೂಮಿನೇ ಜರುಗಿರ್ಬೇಕು" ಅಂದರು ಮನೆಯ ಹಿರಿಯರು.

ಭೂಮಿ ಜರುಗುವುದು ನಿಜ. ನಮ್ಮ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತದೆ. ಆದರೆ ಮದ್ದೂರು, ಮಂಡ್ಯ, ಮೈಸೂರು ಎಲ್ಲ ಒಟ್ಟಿಗೇ ಸರಿಯುತ್ತವೆ. ಎರಡು ಕಲ್ಲುಗಳ ನಡುವಿನ ಅಳತೆ ಹಾಗೇ ಇರುತ್ತದೆ. ಇದನ್ನು ಅವರಿಗೆ ಹೇಳಿದೆ, ಕಲ್ಲನ್ನು ಸರಿಯಾದ ಜಾಗಕ್ಕೆ ನೆಡಿಸಿದೆ.

ಅಳತೆಯೇ ಬದಲಾಗುವುದು ಹಿಮಾಲಯದಲ್ಲಿ. ಅಲ್ಲಿ ನೆಲ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಒತ್ತಿಕೊಳ್ಳುತ್ತದೆ. ಕೆಳಗಿನ ಫಾಲ್ಟ್, ಅಂದರೆ ಎರಡು ಕಡೆಯ ಬಂಡೆ ಒಂದರ ಮೇಲೊಂದು ಜಾರುವ ಬಿರುಕು, ಜಾರದೆ ಕಚ್ಚಿಕೊಂಡು ಕೂತಿರುತ್ತದೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಆ ಹಿಡಿತ ಬಿಟ್ಟಿತು. ತೀವ್ರತೆ 7.8. ಸತ್ತವರು 9,000ದ ಹತ್ತಿರ.

ಭೂಕಂಪ ಮಾಪಕ ಅಲುಗಾಟವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅಲುಗಾಟ ನಿಂತ ಮೇಲೆ ನೆಲ ಎಲ್ಲಿ ಬಂದು ಕೂತಿತು ಅನ್ನುವುದು ಅದರಿಂದ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಜಿಪಿಎಸ್ ಬೇಕು. ನನ್ನ ರೋವರ್ ಹಿಡಿಯುವ ಅದೇ ಉಪಗ್ರಹಗಳ ಸಿಗ್ನಲ್ ಅನ್ನು ಅಲ್ಲಿನ ಕೇಂದ್ರಗಳು ಸೆಕೆಂಡಿಗೆ 5 ಸಲ ದಾಖಲಿಸಿಕೊಂಡವು. ಕಾಠ್ಮಂಡು ಪಕ್ಕದ ಒಂದು ಕೇಂದ್ರ ಸುಮಾರು 2 ಮೀಟರ್ ದಕ್ಷಿಣಕ್ಕೆ ಸರಿದು, 1 ಮೀಟರಿಗೂ ಜಾಸ್ತಿ ಮೇಲೆದ್ದಿತ್ತು. ಒಂದು ಗುಂಟೆಯ ಗಡಿಗೆ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವ ನನಗೆ ಈ ಅಂಕಿ ಓದಿ ಮೈ ಜುಮ್ಮೆಂದಿತ್ತು.

ಎರಡೂ ದಾಖಲೆಗಳನ್ನು ಸೇರಿಸಿದಾಗ ನೆಲದಡಿಯ ಕಥೆ ಸಿಕ್ಕಿತು. ಜಾರಿಕೆ ಕಾಠ್ಮಂಡುವಿನ ಪಶ್ಚಿಮಕ್ಕಿರುವ ಗೂರ್ಖಾ ಜಿಲ್ಲೆಯ ಕಡೆಯಿಂದ ಹೊರಟು, ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ, ಸುಮಾರು 140 ಕಿಲೋಮೀಟರ್ ಪೂರ್ವಕ್ಕೆ ಓಡಿತ್ತು. ಒಂದೊಂದು ಜಾಗ ಜಾರಿ ಮುಗಿಸಲು 6 ಸೆಕೆಂಡ್ ಸಾಕಾಗಿತ್ತು. ಜಾರಿಕೆ ಮೆಲ್ಲಗೆ ಶುರುವಾಗಿದ್ದರಿಂದ ಸಣ್ಣ ಮನೆಗಳನ್ನು ಬೀಳಿಸುವ ಚುರುಕಾದ ಕಂಪನ ಕಡಿಮೆ ಇತ್ತು. ನಿಧಾನದ ತೂಗಾಟವೇ ಜಾಸ್ತಿ. ಕಾಠ್ಮಂಡುವಿನ ಎತ್ತರದ ಧರಹರಾ ಗೋಪುರ ಉರುಳಿತು. ಅಲ್ಲಿನ ಎಷ್ಟೋ ಸಣ್ಣ ಮನೆಗಳು ಬೀಳದೆ ನಿಂತವು.

ನನಗೆ ಇಷ್ಟರಲ್ಲಿ ಮುಖ್ಯ ಅನಿಸುವುದು ಜಾರದೇ ಉಳಿದ ಭಾಗ. ಬಿರುಕು ನೆಲದ ಮೇಲಿನವರೆಗೆ ಬರಲಿಲ್ಲ. ಕಾಠ್ಮಂಡುವಿನಿಂದ ದಕ್ಷಿಣಕ್ಕೆ ಫಾಲ್ಟಿನ ಮೇಲ್ಭಾಗ ಇನ್ನೂ ಕಚ್ಚಿಕೊಂಡೇ ಇದೆ, ಮೇಲೆ ಊರುಗಳಿವೆ. ಅಲ್ಲಿ ಜಿಪಿಎಸ್ ಕೇಂದ್ರ ನೋಡಿಕೊಳ್ಳುವವರ ಕೆಲಸವೂ ನನ್ನ ಕೆಲಸದಂಥದ್ದೇ. ಹಳೆಯ ಅಳತೆ, ಹೊಸ ಅಳತೆ, ನಡುವಿನ ವ್ಯತ್ಯಾಸ.